ಕೆಮ್ಮುವ ಎಂಜಿನ್‌, ಕೈಯಾರೆ ಕಟ್ಟಿದ ವಿಮಾನ

ಶಾಂತಲೆಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಾಸನದ ಬಳಿಯ ಶಾಂತಿಗ್ರಾಮದ ಸುತ್ತಿನ ಹಳ್ಳಿಗಳಲ್ಲಿ, ಕರೆಂಟಿನ ಮೋಟರು ಬರುವ ಮೊದಲು ಹಳ್ಳದಿಂದಲೋ ತೋಡುಬಾವಿಯಿಂದಲೋ ನೀರೆತ್ತುತ್ತಿದ್ದುದು ಡೀಸೆಲ್‌ ಎಂಜಿನ್ನು. ಹೊಲದಲ್ಲಿ ನೀರು ಕಟ್ಟುತ್ತ ನಿಂತ ರೈತ ಎಷ್ಟು ದೂರದಲ್ಲಿದ್ದರೂ ಅವನ ಒಂದು ಕಿವಿ ಎಂಜಿನ್ನಿನ ಕಡೆಗೇ ಇರುತ್ತಿತ್ತು. ಡುಗುಡುಗು ಸದ್ದಿನಲ್ಲಿ ಒಂದು ಪೆಟ್ಟು ತಪ್ಪಿದರೆ ಸಾಕು, ಗುದ್ದಲಿ ಕೆಳಗಿಟ್ಟು ಓಡುತ್ತಿದ್ದ. ‘ಏರ್‌ ಹಿಡಿದಿದೆ’ ಎನ್ನುವುದು ಅವನ ರೋಗನಿರ್ಣಯ. ಎಣ್ಣೆ ಪೈಪಿನ ನಟ್ಟು ಸಡಿಲಿಸಿ, ನೊರೆಯೆಲ್ಲ ಹೋಗಿ ಬರೀ ಎಣ್ಣೆ ಜಿನುಗುವ ತನಕ ಕಾದು, ಮತ್ತೆ ಬಿಗಿದು, ಹ್ಯಾಂಡಲ್‌ ತಿರುಗಿಸಿದರೆ ಎಂಜಿನ್‌ ಮೊದಲಿನಂತೆ ಓಡುತ್ತಿತ್ತು. ಕಾಲು ಗಂಟೆಯ ಕೆಲಸ. ಆಗುವ ನಷ್ಟವೆಂದರೆ ಒಂದೆರಡು ಸಾಲಿಗೆ ನೀರು ತಡವಾಗುವುದು, ಅಷ್ಟೆ.

ಇದೇ ಕಾಯಿಲೆ ನೆಲದಿಂದ ಮುನ್ನೂರು ಅಡಿ ಮೇಲೆ, ಆಗತಾನೆ ಮೇಲೇರುತ್ತಿರುವ ಒಂದು ಪುಟ್ಟ ವಿಮಾನಕ್ಕೆ ಬಂದರೆ ನಟ್ಟು ಸಡಿಲಿಸಲು ಕಾಲು ಗಂಟೆ ಯಾರೂ ಕೊಡುವುದಿಲ್ಲ. ಆ ವಿಮಾನವನ್ನು ಕಾರ್ಖಾನೆಯ ಬದಲು ಒಬ್ಬ ಹವ್ಯಾಸಿ ತನ್ನ ಕೈಯಾರೆ ಕಟ್ಟಿದ್ದರಂತೂ ಪ್ರಶ್ನೆ ಇನ್ನೂ ಜಟಿಲ. ನಟ್ಟು, ಪೈಪು, ತಂತಿ ಎಲ್ಲವನ್ನೂ ಜೋಡಿಸಿದವನೇ ಈಗ ಒಳಗೆ ಕುಳಿತಿರುತ್ತಾನೆ.

ಹಾಗೆ ನೋಡಿದರೆ ಜಗತ್ತಿನ ಮೊದಲ ವಿಮಾನವೂ ಕೈಯಾರೆ ಕಟ್ಟಿದ್ದೇ. ರೈಟ್‌ ಸಹೋದರರಿಗೆ ಬೇಕಾದಷ್ಟು ಹಗುರವಾದ ಎಂಜಿನ್ನನ್ನು ಯಾವ ಕಂಪನಿಯೂ ಮಾಡಿಕೊಡಲಿಲ್ಲ. ಅವರ ಸೈಕಲ್‌ ಅಂಗಡಿಯ ಮೆಕ್ಯಾನಿಕ್‌ ಚಾರ್ಲಿ ಟೇಲರ್‌ ಸುಮಾರು ಆರು ವಾರದಲ್ಲಿ ನಾಲ್ಕು ಸಿಲಿಂಡರಿನ, 12 ಅಶ್ವಶಕ್ತಿಯ ಎಂಜಿನ್ನೊಂದನ್ನು ತಯಾರಿಸಿದ. 1903ರ ಫೆಬ್ರುವರಿಯಲ್ಲಿ ಅದನ್ನು ಓಡಿಸಿ ನೋಡುವಾಗ ಪೆಟ್ರೋಲು ತೊಟ್ಟಿಕ್ಕಿ ಬೇರಿಂಗಿಗೆ ಬಿದ್ದು, ಬೇರಿಂಗ್‌ ಬಿಗಿದು, ಎಂಜಿನ್ನಿನ ಅಲ್ಯೂಮಿನಿಯಂ ಒಡಲೇ ಬಿರಿಯಿತು. ಹೊಸ ಎರಕ ಹೊಯ್ಯಿಸಬೇಕಾಯಿತು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕತೆ ಅದೇ ವರ್ಷದ ನವೆಂಬರಿನದು. ಕಿಟಿ ಹಾಕ್‌ನ ಮರಳು ದಿಬ್ಬಗಳ ನಡುವೆ ವಿಮಾನ ಸಿದ್ಧವಾಗಿ ನಿಂತಿದ್ದರೂ ಎಂಜಿನ್‌ ಸಮನಾಗಿ ಓಡದೆ ಮಿಸ್‌ ಹೊಡೆಯುತ್ತಿತ್ತು. ಆ ಕುಲುಕಾಟಕ್ಕೆ ಪ್ರೊಪೆಲರ್‌ ತಿರುಗಿಸುವ ದಂಡಗಳು ಹಾಳಾದವು, ಅವನ್ನು ದುರಸ್ತಿಗೆ ಡೇಟನ್‌ಗೆ ಕಳಿಸಬೇಕಾಯಿತು. ಮರಳಿ ಬಂದ ಮೇಲೂ ಸರಪಳಿಯ ಹಲ್ಲುಚಕ್ರಗಳು ಎಷ್ಟು ಬಿಗಿದರೂ ಸಡಿಲವಾಗುತ್ತಿದ್ದವು. ಕೊನೆಗೆ ಸೈಕಲ್‌ ಟೈರನ್ನು ರಿಮ್ಮಿಗೆ ಅಂಟಿಸುವ ಅಂಟನ್ನು ಕರಗಿಸಿ ನಟ್ಟುಗಳ ಸಂದಿಗೆ ಹೊಯ್ದರು! ಇಂಧನ ಬಿಡುವ ವ್ಯವಸ್ಥೆಯನ್ನು ಸರಿಪಡಿಸಿ ಎಂಜಿನ್ನನ್ನು ಒಂದು ಹದಕ್ಕೆ ತಂದರು. ಅಷ್ಟರಲ್ಲಿ ದಂಡವೊಂದು ಬಿರುಕು ಬಿಟ್ಟಿತು. ಆರ್ವಿಲ್‌ ರೈಟ್‌ ತಾನೇ ಊರಿಗೆ ಹೋಗಿ ಗಟ್ಟಿ ಉಕ್ಕಿನ ಹೊಸ ದಂಡಗಳನ್ನು ತಂದ. ಡಿಸೆಂಬರ್‌ 17ರ ಆ 12 ಸೆಕೆಂಡುಗಳ ಹಾರಾಟವನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಅದಕ್ಕೆ ಹಿಂದಿನ ಒಂದೂವರೆ ತಿಂಗಳು ಆ ಇಬ್ಬರು ಕೆಮ್ಮುವ ಎಂಜಿನ್ನಿನ ಹಿಂದೆ ಬಿದ್ದಿದ್ದನ್ನು ಹೇಳುವವರು ಕಡಿಮೆ.

ಮನೆಯಲ್ಲಿ ವಿಮಾನ ಕಟ್ಟುವ ಹುಚ್ಚು ಜನಸಾಮಾನ್ಯರಿಗೆ ಹತ್ತಿದ್ದು ಮೂವತ್ತರ ದಶಕದಲ್ಲಿ. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಸಣ್ಣ ಎರಡು ಸ್ಟ್ರೋಕಿನ ಎಂಜಿನ್‌ ಕೂರಿಸಿದ ‘ಆಕಾಶದ ಹೇನು’ ಎಂಬ ವಿಮಾನವನ್ನು ಹಾರಿಸಿ, ಮರುವರ್ಷ ಅದನ್ನು ಕಟ್ಟುವ ವಿಧಾನವನ್ನು ಪುಸ್ತಕವಾಗಿ ಬರೆದ. ಫ್ರಾನ್ಸ್‌, ಇಂಗ್ಲೆಂಡುಗಳಲ್ಲಿ ಜನ ಮೋಟರ್‌ಸೈಕಲ್‌ ಎಂಜಿನ್‌, ಕಾರಿನ ಎಂಜಿನ್‌ಗಳನ್ನೆಲ್ಲ ಅದಕ್ಕೆ ಕೂರಿಸಿ ನೋಡಿದರು. ಅದರ ಸಾವುನೋವುಗಳಿಗೆ ಮುಖ್ಯ ಕಾರಣ ಎರಡು ರೆಕ್ಕೆಗಳ ನಡುವಿನ ಗಾಳಿಯ ಆಟವೇ ಹೊರತು ಎಂಜಿನ್ನಲ್ಲ. ಆದರೂ ಸಿಕ್ಕ ಎಂಜಿನ್ನನ್ನು ಸಿಕ್ಕ ವಿಮಾನಕ್ಕೆ ಜೋಡಿಸುವ ಪರಿಪಾಠ ಅಲ್ಲಿಂದ ಬೆಳೆಯಿತು.

ನಮ್ಮಲ್ಲಿ ಈ ಪರಂಪರೆ ಬಂದಿದ್ದು ಸ್ವಲ್ಪ ಸುತ್ತು ದಾರಿಯಲ್ಲಿ. ಬೆಂಗಳೂರಿನ ಎಚ್‌ಎಎಲ್‌ 1958ರಲ್ಲಿ ಹಾರಿಸಿದ ಎರಡು ಸೀಟಿನ ‘ಪುಷ್ಪಕ್‌’, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಸರಳ ವಿಮಾನ. ದೇಶದ ಫ್ಲೈಯಿಂಗ್‌ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಹಾರಾಟ ಕಲಿತದ್ದು ಅದರಲ್ಲಿ. ಅದು ಕಾರ್ಖಾನೆಯ ಸರಕು. ಹವ್ಯಾಸಿಯ ನಕ್ಷೆ ಹಿಡಿದು ವಿಮಾನ ಕಟ್ಟಿದ್ದು, ವಿಚಿತ್ರವೆನಿಸಬಹುದು, ಒಂದು ಸರ್ಕಾರಿ ಪ್ರಯೋಗಾಲಯ! ಬೆಂಗಳೂರಿನ ಎನ್‌ಎಎಲ್‌ ಅಮೆರಿಕದ ಬರ್ಟ್‌ ರುಟಾನ್‌ ಹವ್ಯಾಸಿಗಳಿಗಾಗಿ ರೂಪಿಸಿದ್ದ ‘ಲಾಂಗ್‌-ಈಝಡ್‌’ ಮಾದರಿಯನ್ನು ಆಧರಿಸಿ, ಫೋಮ್‌, ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ಅಂಟು ಬಳಸಿ ಪುಟ್ಟ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಪುಟ್ಟ ರೆಕ್ಕೆ ಮುಂದೆ, ಎಂಜಿನ್‌ ಬೆನ್ನ ಹಿಂದೆ. ಆಗ ಎನ್‌ಎಎಲ್‌ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. (ಅವರ ತಂದೆ ಆರ್‌.ಎಲ್‌. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರೆಂಬುದು ಓದುಗರಿಗೆ ನೆನಪಿರಬಹುದು.) ಆ ಅನುಭವದ ಮೇಲೆಯೇ 1993ರಲ್ಲಿ ‘ಹಂಸ’ ಹಾರಿತು.

ಇನ್ನೊಂದು ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಜೋಯೆಲ್‌ ಕೋಕ್ಲಿನ್‌ ಎಂಬ ಫ್ರೆಂಚ್‌ ಸಾಹಸಿ ಬೆಂಗಳೂರಿನಲ್ಲಿ ‘ರಾಜ್‌ ಹಂಸ’ ಎಂಬ ಕಂಪನಿ ಸ್ಥಾಪಿಸಿ, ಅಲ್ಯೂಮಿನಿಯಂ ಕೊಳವೆ ಮತ್ತು ಬಟ್ಟೆಯ ‘ಎಕ್ಸ್‌-ಏರ್‌’ ವಿಮಾನಗಳನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ವಿದೇಶಗಳಿಗೆ ಕಳಿಸಿದರು. ಇಂಗ್ಲೆಂಡಿನ ಯಾವುದೋ ಹಳ್ಳಿಯ ಗ್ಯಾರೇಜಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಕಟ್ಟಿ ಹಾರಿಸಿದ ವಿಮಾನದ ತವರು ಬೆಂಗಳೂರಾಗಿದ್ದಿರಬಹುದು. ತದ್ವಿರುದ್ಧವಾಗಿ ನಮ್ಮ ದೇಶದಲ್ಲಿ ಹವ್ಯಾಸಿ ನಿರ್ಮಾಣಕ್ಕೆ ಅನುಮತಿ ಪಡೆಯುವುದೇ ಒಂದು ತಪಸ್ಸು. ಮುಂಬೈನ ಪೈಲಟ್‌ ಅಮೋಲ್‌ ಯಾದವ್‌ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ವರ್ಷಗಟ್ಟಲೆ ಅಲೆದ ಮೇಲೆ.

ಈಗ ಕೆಮ್ಮಿನ ವಿಷಯ. ಎಂಜಿನ್ನಿಗೆ ಬೇಕಾದದ್ದು ಮೂರೇ: ಗಾಳಿ, ಇಂಧನ, ಕಿಡಿ. ಮೂರೂ ಸರಿಯಾದ ಹದದಲ್ಲಿ, ಸರಿಯಾದ ಹೊತ್ತಿಗೆ ಸೇರಬೇಕು. ಕಾರ್ಖಾನೆಯಿಂದ ಬಂದ ಎಂಜಿನ್ನು ಸಾಮಾನ್ಯವಾಗಿ ನಿರ್ದೋಷಿ. ಆದರೆ ಟ್ಯಾಂಕಿನಿಂದ ಅದರವರೆಗೆ ಬರುವ ಪೈಪು, ನಡುವಿನ ಫಿಲ್ಟರ್‌, ಪಂಪು, ಗಾಳಿ ಎಳೆಯುವ ಪೆಟ್ಟಿಗೆ, ಸ್ವಿಚ್ಚಿಗೆ ಹೋಗುವ ತಂತಿ, ಇವೆಲ್ಲ ಕಟ್ಟಿದವನ ಕೈಕೆಲಸ. ಕಳ್ಳ ಅಡಗುವುದು ಹೆಚ್ಚಾಗಿ ಇಲ್ಲೇ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿದಾಗ ಕಂಡುಬಂದ ದೊಡ್ಡ ಕಾರಣಗಳಲ್ಲಿ ಒಂದು ಎಂಜಿನ್‌ ವ್ಯವಸ್ಥೆಯ ವೈಫಲ್ಯ; ಅದರಲ್ಲೂ ವಿಮಾನದ ಮೊದಮೊದಲ ಹಾರಾಟಗಳಲ್ಲಿ ಅಪಾಯ ಹೆಚ್ಚು. ಆದ್ದರಿಂದಲೇ ಅನುಭವಿ ಮೆಕ್ಯಾನಿಕ್‌ ‘ಎಂಜಿನ್‌ ಏನಾಗಿದೆ?’ ಎಂದು ಕೇಳುವುದಿಲ್ಲ, ‘ಹೋದ ಸಲ ಏನು ಮುಟ್ಟಿದಿರಿ?’ ಎಂದು ಕೇಳುತ್ತಾನೆ.

ಕಿಡಿಯಿಂದ ಶುರು ಮಾಡೋಣ, ಏಕೆಂದರೆ ಅದರ ಪರೀಕ್ಷೆ ಸುಲಭ. ವಿಮಾನದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್‌, ಎರಡು ಬೇರೆ ಬೇರೆ ಮ್ಯಾಗ್ನೆಟೊ. ಹಾರುವ ಮೊದಲು ಪೈಲಟ್‌ ಒಂದೊಂದನ್ನೇ ಆರಿಸಿ ನೋಡುತ್ತಾನೆ. ಒಂದೇ ಮ್ಯಾಗ್ನೆಟೊ ಮೇಲೆ ಓಡುವಾಗ ವೇಗ ಸ್ವಲ್ಪ ಇಳಿಯುವುದು ಸಹಜ. ತೀರಾ ಇಳಿದು ಎಂಜಿನ್‌ ನಡುಗಿದರೆ ಆ ಬದಿಯ ಪ್ಲಗ್ಗೋ ತಂತಿಯೋ ಕೆಟ್ಟಿದೆ. ಎರಡರ ಮೇಲೂ ಒಂದೇ ತರಹ ನಡುಗಿದರೆ ಕಿಡಿಯನ್ನು ಬಿಟ್ಟು ಇಂಧನದ ಕಡೆಗೆ ನೋಡಬೇಕು. ಹೀಗೆ ಒಂದೇ ನಿಮಿಷದಲ್ಲಿ ಅರ್ಧ ಸಂಶಯ ಕಳೆಯುತ್ತದೆ.

ಯಾವ ಸಿಲಿಂಡರ್‌ ಎಂದು ಕಂಡುಹಿಡಿಯುವ ಹಳೆಯ ಉಪಾಯವೊಂದಿದೆ. ಕೆಟ್ಟ ಬದಿಯ ಮೇಲೆ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಹೊಗೆ ಕೊಳವೆಗಳ ಮೇಲೆ ಒಂದೊಂದೇ ಹನಿ ನೀರು ಚಿಮುಕಿಸುವುದು. ಮೂರು ಕೊಳವೆಗಳ ಮೇಲೆ ನೀರು ಕಾದ ಕಾವಲಿಯ ಮೇಲೆ ಬಿದ್ದಂತೆ ಚುಂಯ್‌ ಎನ್ನುತ್ತದೆ. ನಾಲ್ಕನೆಯದರ ಮೇಲೆ ಸುಮ್ಮನೆ ಹರಿದು ಹೋಗುತ್ತದೆ. ಉರಿಯದ ಸಿಲಿಂಡರ್‌ ಅದೇ. ದುಬಾರಿ ಉಪಕರಣಗಳು ಬಂದಿರುವ ಈ ಕಾಲದಲ್ಲೂ ಈ ಪರೀಕ್ಷೆಯನ್ನು ಯಾರೂ ಕೈಬಿಟ್ಟಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮನೆಯ ದೀಪದ ತಂತಿ ತುಂಡಾದರೆ ದೀಪ ಆರುತ್ತದೆ. ಮ್ಯಾಗ್ನೆಟೊ ವಿಷಯದಲ್ಲಿ ಇದು ತಿರುಗುಮುರುಗು. ಸ್ವಿಚ್ಚಿನ ತಂತಿ ಮ್ಯಾಗ್ನೆಟೊವನ್ನು ನೆಲಕ್ಕೆ ಕಟ್ಟಿ ಸುಮ್ಮನಿರಿಸುವ ತಂತಿ. ಅದು ತುಂಡಾದರೆ ಸ್ವಿಚ್ಚು ಆರಿಸಿದ್ದರೂ ಮ್ಯಾಗ್ನೆಟೊ ಜೀವಂತ. ಅಂತಹ ಎಂಜಿನ್ನಿನ ಪ್ರೊಪೆಲರನ್ನು ಕೈಯಿಂದ ಸುಮ್ಮನೆ ಆಡಿಸಿದರೂ ಅದು ಹೊತ್ತಿಕೊಂಡು ಬೀಸಬಹುದು. ದೋಷ ಹುಡುಕಲು ಹೋಗಿ ಕೈ ಕಳೆದುಕೊಂಡವರಿದ್ದಾರೆ.

ಇಂಧನದ ಪತ್ತೇದಾರಿ ಇಷ್ಟು ಸರಳವಲ್ಲ. ಫೈಬರ್‌ಗ್ಲಾಸ್‌ ಟ್ಯಾಂಕು ಕಟ್ಟುವಾಗ ಒಳಗೆ ಉಳಿದ ಪುಡಿ ತಿಂಗಳುಗಳ ನಂತರ ಬಂದು ಫಿಲ್ಟರಿನಲ್ಲಿ ಕೂರುತ್ತದೆ. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ಕೊಳವೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಬೈಕಿನ ಟ್ಯಾಂಕಿನ ಮುಚ್ಚಳದ ತೂತು ಕಟ್ಟಿದರೆ ಗಾಡಿ ನಾಲ್ಕು ಮೈಲಿ ಓಡಿ ನಿಲ್ಲುತ್ತದೆ, ಮುಚ್ಚಳ ತೆರೆದರೆ ಮತ್ತೆ ಓಡುತ್ತದೆ, ಇದೂ ಅದೇ. ನೆಲದ ಮೇಲೆ ಐದು ನಿಮಿಷದ ಪರೀಕ್ಷೆಯಲ್ಲಿ ಇಂತಹ ದೋಷ ಗೊತ್ತಾಗುವುದೇ ಇಲ್ಲ. ಅದಕ್ಕಾಗಿಯೇ ಹೊಸ ವಿಮಾನದ ಬಾಲವನ್ನು ಗೂಟಕ್ಕೆ ಬಿಗಿದು, ಮೂತಿಯನ್ನು ಏರುವ ಕೋನಕ್ಕೆ ಎತ್ತಿ, ನಿಮಿಷಕ್ಕೆ ಎಷ್ಟು ಪೆಟ್ರೋಲು ಹರಿಯುತ್ತದೆಂದು ಪಾತ್ರೆಗೆ ಹಿಡಿದು ಅಳೆಯಬೇಕೆನ್ನುತ್ತಾರೆ. ಬೇಸರದ ಕೆಲಸ. ಬಿಟ್ಟವರು ಬಹಳ.

ಕಾವಿನ ಮಾತು ಬೇರೆ. ಎಂಜಿನ್‌ ಗೂಡಿನ ಬಿಸಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಗುಳ್ಳೆ ಕಟ್ಟಿದರೆ ಪಂಪು ಗುಳ್ಳೆಯನ್ನು ತಳ್ಳಲಾರದು. ಶಾಂತಿಗ್ರಾಮದ ರೈತ ‘ಏರ್‌ ಹಿಡಿದಿದೆ’ ಎಂದದ್ದರ ದಾಯಾದಿ ಇದು. ಇದು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲೇ ರೂಪುಗೊಂಡು 1977ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಪಿಟಿ-32 ‘ದೀಪಕ್‌’ ತರಬೇತಿ ವಿಮಾನದಲ್ಲಿದ್ದುದು 260 ಅಶ್ವಶಕ್ತಿಯ ಲೈಕಮಿಂಗ್‌ ಎಂಜಿನ್‌. ಜಗತ್ತಿನ ಬೇರೆಡೆ ಅದರ ಸೋದರ ಎಂಜಿನ್ನುಗಳು ಸಾವಿರಾರು ವಿಮಾನಗಳಲ್ಲಿ ಸುಖವಾಗಿ ಓಡಿವೆ. ಇಲ್ಲಿ ಮಾತ್ರ ಹಾರಾಟದ ನಡುವೆ ಎಂಜಿನ್‌ ನಿಲ್ಲುವ ದೂರು ವರ್ಷ ವರ್ಷವೂ ಮರುಕಳಿಸಿತು. ಬೆರಳು ತೋರಿದ್ದು ಇಂಧನ ವ್ಯವಸ್ಥೆಯ ಕಡೆಗೆ. ವಾಯುಪಡೆಯ ಸೇವೆಯಲ್ಲಿ ಈ ವಿಮಾನದ 17 ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು. ಎಲ್ಲಕ್ಕೂ ಎಂಜಿನ್ನೇ ಕಾರಣವಲ್ಲ, ನಿಜ. ಆದರೆ 2009ರ ಜುಲೈ 31ರಂದು ಆಂಧ್ರದ (ಈಗಿನ ತೆಲಂಗಾಣದ) ಮೇದಕ್‌ ಬಳಿ ಇಬ್ಬರು ಅನುಭವಿ ಬೋಧಕರೇ ಸತ್ತ ಮೇಲೆ ಎಲ್ಲ ದೀಪಕ್‌ಗಳನ್ನೂ ನೆಲಕ್ಕಿಳಿಸಲಾಯಿತು. ಕಾಲು ಶತಮಾನ ಸೇವೆಯಲ್ಲಿದ್ದ, ದೊಡ್ಡ ಸಂಸ್ಥೆಯೊಂದು ಕಟ್ಟಿದ ವಿಮಾನದಲ್ಲೇ ಹೀಗಾದರೆ, ಗ್ಯಾರೇಜಿನಲ್ಲಿ ಒಬ್ಬನೇ ಪೈಪು ಎಳೆಯುವವನು ಎಷ್ಟು ಎಚ್ಚರದಿಂದಿರಬೇಕು?

ಬಿಸಿಯಷ್ಟೇ ಅಲ್ಲ, ತಂಪೂ ಶತ್ರುವೇ. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ ಒಳಗಿನ ಉಷ್ಣತೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಇಳಿಯಬಹುದು. ಹೊರಗೆ 20 ಡಿಗ್ರಿ ಇದ್ದು ಗಾಳಿ ತೇವವಾಗಿದ್ದರೆ ಸಾಕು, ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಹಾಸನ, ಸಕಲೇಶಪುರದ ಕಡೆಯ ಮಳೆಗಾಲದ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹವೆ. ಪೈಲಟ್‌ ಬಿಸಿಗಾಳಿಯ ಸನ್ನೆ ಎಳೆದರೆ ಗಡ್ಡೆ ಕರಗಿ ನೀರಾಗಿ ಎಂಜಿನ್ನಿಗೆ ಹೋಗುತ್ತದೆ, ಎಂಜಿನ್‌ ಮೊದಲಿಗಿಂತ ಜೋರಾಗಿ ಕೆಮ್ಮುತ್ತದೆ. ಗಾಬರಿಯಾದವನು ಸನ್ನೆಯನ್ನು ಹಿಂದಕ್ಕೆ ತಳ್ಳಿಬಿಡುತ್ತಾನೆ. ಇನ್ನರ್ಧ ನಿಮಿಷ ಕಾದಿದ್ದರೆ ಸರಿಹೋಗುತ್ತಿತ್ತು.

ಪುಟ್ಟ ವಿಮಾನಗಳಲ್ಲಿ ಬಹುಕಾಲ ಮೆರೆದ ಎರಡು ಸ್ಟ್ರೋಕಿನ ರೋಟಾಕ್ಸ್‌ ಎಂಜಿನ್ನುಗಳ ಸ್ವಭಾವ ನಮಗೆ ಹೊಸದಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್‌ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿ ಓಡಿಸಿದವರು ಪ್ಲಗ್‌ ಬಿಚ್ಚಿ ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದರು. ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಬೂದಿಯಂತೆ ಬಿಳಿಚಿಕೊಂಡಿದ್ದರೆ ಕಡಿಮೆ, ಕಂದು ಬಣ್ಣವಿದ್ದರೆ ಕ್ಷೇಮ. ಪೆಟ್ರೋಲಿನೊಂದಿಗೆ ಬೆರೆತ ಆಯಿಲ್ಲೇ ಇಂತಹ ಎಂಜಿನ್ನಿಗೆ ಎಣ್ಣೆಯೂ ಆದ್ದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್‌ ಹಿಡಿದುಕೊಳ್ಳುತ್ತದೆ. ಮುಂದೆ ಬಂದ ನಾಲ್ಕು ಸ್ಟ್ರೋಕಿನ ರೋಟಾಕ್ಸ್‌ 912ರಲ್ಲಿ ಎರಡು ಕಾರ್ಬುರೇಟರ್‌. ಜೋಡೆತ್ತಿನಲ್ಲಿ ಒಂದು ಮುಂದೆ ಎಳೆದು ಇನ್ನೊಂದು ಹಿಂದುಳಿದರೆ ಗಾಡಿ ಹೇಗೆ ಅಡ್ಡಾದಿಡ್ಡಿ ಹೋಗುವುದೋ ಹಾಗೆ ಇವೆರಡೂ ಹೊಂದದಿದ್ದರೆ ಎಂಜಿನ್‌ ನಿಧಾನ ವೇಗದಲ್ಲಿ ಗಡಗಡ ನಡುಗುತ್ತದೆ.

ಇತ್ತೀಚಿನ ತಲೆನೋವು ಪೆಟ್ರೋಲಿನದೇ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್‌ ಬೆರೆತಿದೆ. ರೋಟಾಕ್ಸ್‌ ಕಂಪನಿ 912 ಎಂಜಿನ್ನುಗಳಿಗೆ ಒಪ್ಪುವುದು ಶೇ 10ರವರೆಗೆ. ಎಥನಾಲ್‌ ಗಾಳಿಯ ತೇವವನ್ನು ಹೀರುತ್ತದೆ, ಕೆಲವು ಬಗೆಯ ರಬ್ಬರು, ಅಂಟುಗಳನ್ನು ಮೆತ್ತಗಾಗಿಸುತ್ತದೆ. ನೀರು ಮಿತಿಮೀರಿದರೆ ಅದರೊಂದಿಗೆ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಎಂಜಿನ್ನಿಗೆ ಪೈಪು ಹೋಗುವುದೂ ತಳದಿಂದಲೇ! ವಿಮಾನಕ್ಕೆಂದೇ ಇರುವ ಪೆಟ್ರೋಲು ಬಹುಕಾಲ ಆಮದಾಗುತ್ತಿತ್ತು. ಇಂಡಿಯನ್‌ ಆಯಿಲ್‌ ಅದನ್ನು ಇಲ್ಲಿಯೇ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಅದರಲ್ಲಿ ಸೀಸವಿರುವುದರಿಂದ ಪ್ಲಗ್ಗಿಗೆ ಕಿಟ್ಟ ಕಟ್ಟುವುದು ಹೆಚ್ಚು. ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದು.

ಇಷ್ಟೆಲ್ಲ ಸಂಶಯಗಳ ನಡುವೆ ಹವ್ಯಾಸಿ ಮಾಡುವ ದೊಡ್ಡ ತಪ್ಪು ಎರಡು. ಪ್ಲಗ್‌, ಫಿಲ್ಟರ್‌, ಕಾರ್ಬುರೇಟರ್‌ ಎಲ್ಲವನ್ನೂ ಒಂದೇ ದಿನ ಬದಲಾಯಿಸುವುದು ಒಂದು. ಕೆಮ್ಮು ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ, ಹೊಸದಾಗಿ ಹಾಕಿದ್ದರಲ್ಲೇ ದೋಷವಿದ್ದರೆ ಎರಡು ಕಾಯಿಲೆ ಒಟ್ಟಿಗೆ ಕಾಡುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು. ನೆಲದ ಮೇಲೆ ಕೆಮ್ಮಿದ ಎಂಜಿನ್‌ ತಾನಾಗಿಯೇ ಸರಿಹೋಯಿತೆಂದು, ‘ಒಂದು ಸುತ್ತು ಹಾರಿ ನೋಡೋಣ’ ಎನ್ನುವುದು. ತಾನಾಗಿಯೇ ಹೋದ ಕಾಯಿಲೆ ತಾನಾಗಿಯೇ ಬರುತ್ತದೆ.

ಹಾರುತ್ತಿರುವಾಗಲೇ ಎಂಜಿನ್‌ ನಿಂತರೆ ಮತ್ತೆ ಹೊತ್ತಿಸುವುದು ಪರೀಕ್ಷಾ ಪೈಲಟ್‌ಗಳ ವಿದ್ಯೆ. ಅದಕ್ಕೂ ನಮ್ಮ ನೆಲ ಬೆಲೆ ತೆತ್ತಿದೆ. 2009ರ ಮಾರ್ಚ್‌ 6ರಂದು ಎನ್‌ಎಎಲ್‌ನ ‘ಸರಸ್‌’ ವಿಮಾನ, ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಸತ್ತರು. ಅದು ಟರ್ಬೊಪ್ರಾಪ್‌ ಎಂಜಿನ್ನಿನ, ದೊಡ್ಡ ಜಾತಿಯ ವಿಮಾನ. ಎಂಜಿನ್‌ ಮರಳಿ ಹೊತ್ತಿಸಲು ಗೊತ್ತುಮಾಡಿಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದಿತು ತನಿಖಾ ವರದಿ.

ಹದಿಮೂರು ವರ್ಷಗಳ ನಂತರ, 2022ರ ಮೇ 17ರಂದು, ಅದೇ ಎನ್‌ಎಎಲ್‌ನ ‘ಹಂಸ-ಎನ್‌ಜಿ’ ಚಳ್ಳಕೆರೆಯಲ್ಲಿರುವ ಡಿಆರ್‌ಡಿಒ ಪರೀಕ್ಷಾ ನೆಲೆಯ ಮೇಲೆ ಏರಿತು. ಕಾರ್ಬುರೇಟರ್‌ ಇಲ್ಲದ, ಕಂಪ್ಯೂಟರೇ ಇಂಧನ ಅಳೆದು ಚಿಮ್ಮಿಸುವ ಹೊಸ ಬಗೆಯ ರೋಟಾಕ್ಸ್‌ ಅದರ ಎಂಜಿನ್‌. ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳು ಏಳೆಂಟು ಸಾವಿರ ಅಡಿ ಎತ್ತರದಲ್ಲಿ, 60ರಿಂದ 70 ನಾಟ್‌ ವೇಗದಲ್ಲಿ ಎಂಜಿನ್ನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸಿದರು. ಎಂಜಿನ್‌ ಹೊತ್ತದೆ ಹೋಗಿದ್ದರೂ ತೇಲುತ್ತ ಇಳಿಯಲು ಸಾಕಷ್ಟು ಎತ್ತರ ಕೈಯಲ್ಲಿತ್ತು, ಕೆಳಗೆ ಚಳ್ಳಕೆರೆಯ ಬಯಲೂ ರನ್‌ವೇಯೂ ಇದ್ದವು.